ಇಂಗ್ಲಿಷ್ ಪರೀಕ್ಷೆಯಲ್ಲಿ ಗದ್ಯಭಾಗವನ್ನು ಓದಿ ಉತ್ತರಿಸುವ ಬಹು ಆಯ್ಕೆ ಪ್ರಶ್ನೆಗಳು: ಅಭ್ಯರ್ಥಿಗಳಿಗೆ ಮಾಹಿತಿ

ಸರ್ಕಾರಿ ಹಾಗೂ ಬ್ಯಾಂಕ್ ಹುದ್ದೆಗಳಿಗೆ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳ ಪೈಕಿ ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿದ ಅನೇಕರು ಇಂಗ್ಲಿಷ್ ಗದ್ಯಭಾಗದ ಪ್ರಶ್ನೆಗಳನ್ನು ಓದದೆಯೇ ಬಿಟ್ಟುಬಿಡುವುದುಂಟು. ಶಬ್ದಸಂಪತ್ತಿನ ಕೊರತೆಯೇ ತಮ್ಮ ತೊಂದರೆಗೆ ಕಾರಣವೆಂದು ಭಾವಿಸಿ ಪದಪಟ್ಟಿಗಳನ್ನು ಕಂಠಪಾಠ ಮಾಡುವವರೂ ಇದ್ದಾರೆ. ಪದಪರಿಚಯ ಅವಶ್ಯಕವೇ ಆಗಿದ್ದರೂ ಎಲ್ಲ ಪದಗಳನ್ನೂ ಬಲ್ಲವರು ಸಹ ಈ ಭಾಗದಲ್ಲಿ ಅಂಕಗಳನ್ನು ಕಳೆದುಕೊಳ್ಳುತ್ತಾರೆ. ಇದಕ್ಕೆ ಎರಡು ಕಾರಣಗಳಿವೆ. ಗದ್ಯಭಾಗದಲ್ಲಿ ಹೇಳಿರುವುದನ್ನು ತಮಗೆ ಮೊದಲೇ ತಿಳಿದಿರುವುದರೊಂದಿಗೆ ಬೆರೆಸುವುದು ಒಂದು. ಇಂಗ್ಲಿಷ್ ವಾಕ್ಯವನ್ನು ಕನ್ನಡ ವಾಕ್ಯದ ಕ್ರಮದಲ್ಲಿ ಓದುವುದು ಇನ್ನೊಂದು. ಇವೆರಡನ್ನೂ ಅಭ್ಯಾಸದಿಂದ ಸರಿಪಡಿಸಿಕೊಳ್ಳಬಹುದಾಗಿದೆ.

ಈ ಪ್ರಶ್ನೆಗಳು ಎಲ್ಲೆಲ್ಲಿ ಇರುತ್ತವೆ

ಬ್ಯಾಂಕ್ ಸಿಬ್ಬಂದಿ ಆಯ್ಕೆ ಸಂಸ್ಥೆಯು ಗುಮಾಸ್ತ ಶ್ರೇಣಿಯ ಹುದ್ದೆಗಳಿಗೆ ನಡೆಸುವ ಪೂರ್ವಭಾವಿ ಪರೀಕ್ಷೆಯಲ್ಲಿ ಇಂಗ್ಲಿಷ್ ಭಾಷೆಗೆ 30 ಪ್ರಶ್ನೆಗಳಿದ್ದು 20 ನಿಮಿಷಗಳ ಕಾಲಾವಕಾಶವಿರುತ್ತದೆ. ಇತರ ವಿಭಾಗಗಳ ಪ್ರಶ್ನೆಗಳನ್ನು ಕನ್ನಡದಲ್ಲಿ ಪಡೆಯಲು ಅವಕಾಶವಿದ್ದರೂ ಈ ವಿಭಾಗಕ್ಕೆ ಅದು ಅನ್ವಯಿಸುವುದಿಲ್ಲ. ಸಿಬ್ಬಂದಿ ನೇಮಕಾತಿ ಆಯೋಗದ ಪದವಿ ಮಟ್ಟದ ಸಂಯುಕ್ತ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷ್‌ಗೆ 25 ಪ್ರಶ್ನೆಗಳು, 50 ಅಂಕಗಳು ಇವೆ. ಕರ್ನಾಟಕ ಲೋಕಸೇವಾ ಆಯೋಗದ ಗ್ರೂಪ್ 'ಸಿ' ಪರೀಕ್ಷೆಗಳ ಸಂವಹನ ಪತ್ರಿಕೆಯಲ್ಲಿ ಸಾಮಾನ್ಯ ಕನ್ನಡ ಹಾಗೂ ಗಣಕಯಂತ್ರ ಜ್ಞಾನದೊಂದಿಗೆ ಸಾಮಾನ್ಯ ಇಂಗ್ಲಿಷ್ ಸಹ ಸೇರಿರುತ್ತದೆ.

ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. 2011ರಲ್ಲಿ ಜಾರಿಗೆ ಬಂದ ಎರಡನೆಯ ಪತ್ರಿಕೆಯು 200 ಅಂಕಗಳ 80 ಪ್ರಶ್ನೆಗಳನ್ನು ಒಳಗೊಂಡಿದ್ದು, 2015ರಿಂದ ಇದರಲ್ಲಿ ಶೇಕಡ 33 ಅಂಕ ಪಡೆದರೆ ಸಾಕು ಎಂಬ ನಿಯಮವಿದೆ. ಆದರೆ ಗದ್ಯಭಾಗಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದ್ದರೂ, ಹಿಂದಿ ಬಾರದ ಕನ್ನಡ ಅಭ್ಯರ್ಥಿಯು ಅಲ್ಲಿಗೆ ತಲುಪಬೇಕಾದರೆ ಇಂಗ್ಲಿಷ್ ಗದ್ಯಭಾಗಗಳನ್ನು ದಾಟಿಯೇ ಹೋಗಬೇಕು. ಈ ಪತ್ರಿಕೆಯಲ್ಲಿ 66 ಅಂಕಗಳು ಬಾರದಿದ್ದಲ್ಲಿ ಮೊದಲ ಪತ್ರಿಕೆಯಲ್ಲಿ ಎಷ್ಟೇ ಅಂಕ ಗಳಿಸಿದ್ದರೂ ಪ್ರಯೋಜನವಿಲ್ಲ.

ಒಂದು ಉದಾಹರಣೆ

ಈ ಕೆಳಗಿನದನ್ನು ಇಂಗ್ಲಿಷ್ ಗದ್ಯಭಾಗವೊಂದರ ಸಾರವೆಂದು ಭಾವಿಸತಕ್ಕದ್ದು.

"ಕೋಲಾರ ಜಿಲ್ಲೆಯ ಅನೇಕ ಕೆರೆಗಳು ಸರಪಳಿಯಂತೆ ಜೋಡಣೆಗೊಂಡಿದ್ದು, ಮೇಲಿನ ಕೆರೆಯ ಕೋಡಿ ಹರಿದ ನೀರು ಕೆಳಗಿನ ಕೆರೆಯನ್ನು ಸೇರುತ್ತಿತ್ತು. ಬೇಸಿಗೆಯಲ್ಲಿ ರೈತರು ಕೆರೆಯ ಹೂಳನ್ನು ತೆಗೆದು ಹೊಲಗಳಿಗೆ ಹಾಕುತ್ತಿದ್ದರು. ಇದರಿಂದ ಕೆರೆಯ ಆಳ ಉಳಿಯುತ್ತಿತ್ತು. ಮಣ್ಣಿನ ಸತ್ವವೂ ಹೆಚ್ಚುತ್ತಿತ್ತು. ಕೊಳವೆಬಾವಿಗಳು ಬಂದ ನಂತರ ಕೆಲವು ಗ್ರಾಮಗಳಲ್ಲಿ ಈ ಕೆಲಸ ನಿಂತಿತು. ಆದರೆ ಕೆರೆಯಲ್ಲಿ ನಿಂತ ನೀರು ಇಂಗಿ ಅಂತರ್ಜಲವನ್ನು ಸೇರುವುದರಿಂದ, ಹೂಳು ತುಂಬಿದ ಕೆರೆಗಳ ಸುತ್ತಮುತ್ತಲಿನ ಕೊಳವೆಬಾವಿಗಳೂ ಬತ್ತಬಹುದು."

ಪ್ರಶ್ನೆ: ಕೊಳವೆಬಾವಿಗಳ ಬಗ್ಗೆ ಈ ಗದ್ಯಭಾಗದಿಂದ ಏನನ್ನು ತೀರ್ಮಾನಿಸಬಹುದು?
(1) ಕೊಳವೆಬಾವಿಗಳು ಬಂದ ನಂತರ ಎಲ್ಲ ಗ್ರಾಮಗಳಲ್ಲಿಯೂ ಹೂಳು ತೆಗೆಯುವ ಕೆಲಸ ನಿಂತಿತು.
(2) ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿರುತ್ತದೆ.
(3) ಕೊಳವೆಬಾವಿಯಲ್ಲಿ ದೊರೆಯುವ ನೀರಿಗೆ ಊರಿನ ಜಲಾಶಯದ ನಿರ್ವಹಣೆಯೊಡನೆ ಸಂಬಂಧವಿದೆ.
(4) ಕೊಳವೆಬಾವಿಗಳಿಂದಾಗಿ ಮೇಲಿನ ಕೆರೆಯ ಕೋಡಿ ಹರಿದ ನೀರು ಕೆಳಗಿನ ಕೆರೆಯನ್ನು ಸೇರದಾಯಿತು.

ಸರಿಯಾದ ಉತ್ತರ ಮೂರನೆಯದು. ಉಳಿದ ಮೂರು ಏಕೆ ತಪ್ಪು ಎಂಬುದನ್ನು ಅರಿಯುವುದು ಸರಿಯುತ್ತರವನ್ನು ಗುರುತಿಸುವುದಕ್ಕಿಂತ ಹೆಚ್ಚು ಉಪಯುಕ್ತ. ಮೊದಲ ಆಯ್ಕೆಯಲ್ಲಿ 'ಕೆಲವು' ಎಂಬುದು 'ಎಲ್ಲ' ಎಂದಾಗಿದೆ. ಉಳಿದ ವಾಕ್ಯ ಯಥಾವತ್ತಾಗಿದೆ. ಇಂಗ್ಲಿಷ್‌ನಲ್ಲಿ 'ಸಮ್' ಎಂಬುದು 'ಆಲ್' ಆಗಿಯೂ, 'ಮೇ' ಎಂಬುದು 'ಮಸ್ಟ್' ಅಥವಾ 'ವಿಲ್' ಆಗಿಯೂ, 'ಆಫನ್' ಎಂಬುದು 'ಆಲ್ವೇಸ್' ಆಗಿಯೂ ಬದಲಾಗಿರುವುದನ್ನು ಗಮನಿಸಬೇಕು. 'ಓನ್ಲಿ', 'ನೆವರ್' ಮುಂತಾದ ಪದಗಳಿರುವ ಆಯ್ಕೆಯು ಯಾವಾಗಲೂ ತಪ್ಪೆಂದು ಕೆಲವು ಮಾರ್ಗದರ್ಶಿ ಪುಸ್ತಕಗಳು ಹೇಳುತ್ತವೆ. ಈ ಸೂತ್ರವನ್ನು ನೆಚ್ಚುವುದು ಸರಿಯಲ್ಲ. ಗದ್ಯಭಾಗದಲ್ಲಿಯೇ 'ಓನ್ಲಿ' ಇದ್ದರೆ ಆಯ್ಕೆಯಲ್ಲಿಯೂ ಅದು ಇರಬಹುದು. ಎರಡನ್ನೂ ಹೋಲಿಸಿ ನೋಡುವುದೊಂದೇ ದಾರಿ.

ಎರಡನೆಯ ಆಯ್ಕೆಯು ವಿದ್ಯಾವಂತ ಅಭ್ಯರ್ಥಿಗಳನ್ನೇ ಹೆಚ್ಚಾಗಿ ದಾರಿ ತಪ್ಪಿಸುವಂತಹದು. ಕೋಲಾರ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಇರುವುದು ನಿಜ; ಸಾಮಾನ್ಯ ಜ್ಞಾನಕ್ಕಾಗಿ ಓದಿದವರಿಗೆ ಅದು ತಿಳಿದಿರುತ್ತದೆ. ಆದರೆ ಗದ್ಯಭಾಗದಲ್ಲಿ ಅದರ ಪ್ರಸ್ತಾಪವೇ ಇಲ್ಲ. ಉತ್ತರಗಳು ಗದ್ಯಭಾಗವನ್ನು ಮಾತ್ರ ಆಧರಿಸಿರಬೇಕೆಂದು ಕೇಂದ್ರ ಲೋಕಸೇವಾ ಆಯೋಗದ ಪ್ರಶ್ನೆಪತ್ರಿಕೆಯಲ್ಲಿ ಮುದ್ರಿಸಲಾಗಿರುತ್ತದೆ. ಸದರಿ ಸೂಚನೆಯನ್ನು ಔಪಚಾರಿಕವೆಂದು ಭಾವಿಸಬಾರದು. ಆಯ್ಕೆಯೊಂದು ಲೋಕದಲ್ಲಿ ಸತ್ಯವೇ ಎಂಬ ಪ್ರಶ್ನೆ ಇಲ್ಲಿ ಅಪ್ರಸ್ತುತ. ಅದನ್ನು ಸಮರ್ಥಿಸುವ ಸಾಲಿನ ಮೇಲೆ ಬೆರಳಿಟ್ಟು ತೋರಿಸಲು ಸಾಧ್ಯವೇ ಎಂಬುದಷ್ಟೇ ಪ್ರಶ್ನೆ. ಕೃಷಿ, ಪರಿಸರ, ಆರ್ಥಿಕತೆ ಮುಂತಾದ ಪರಿಚಿತ ವಿಷಯಗಳ ಗದ್ಯಭಾಗ ಬಂದಾಗ ಹೆಚ್ಚು ಎಚ್ಚರಿಕೆ ವಹಿಸುವುದು ಒಳಿತು. ಪರಿಚಯವಿಲ್ಲದ ವಿಷಯವಾದರೆ ಅಭ್ಯರ್ಥಿಯು ಬೇರೆ ಗತಿಯಿಲ್ಲದೆ ಗದ್ಯಭಾಗಕ್ಕೇ ಅಂಟಿಕೊಂಡಿರುತ್ತಾನೆ.

ನಾಲ್ಕನೆಯ ಆಯ್ಕೆಯ ಬಹುಪಾಲು ಪದಗಳು ಗದ್ಯಭಾಗದಿಂದಲೇ ಬಂದಿವೆ. ಆದರೆ ಅವುಗಳ ನಡುವಿನ ಕಾರಣ ಸಂಬಂಧ ಕಲ್ಪಿತ. ಸರಿಯುತ್ತರದಲ್ಲಿಯಾದರೋ 'ಕೆರೆ', 'ಹೂಳು' ಎಂಬ ಪದಗಳೇ ಇಲ್ಲ. 'ಜಲಾಶಯದ ನಿರ್ವಹಣೆ' ಎಂದಿದೆ. ಪ್ರಶ್ನೆ ರಚಿಸುವವರು ಸರಿಯುತ್ತರವನ್ನು ಬೇರೆ ಮಾತುಗಳಲ್ಲಿಯೂ ತಪ್ಪು ಉತ್ತರವನ್ನು ಗದ್ಯಭಾಗದ ಮಾತುಗಳಲ್ಲಿಯೂ ಬರೆಯುವುದು ಸಾಮಾನ್ಯ ರೂಢಿ. ಅರ್ಥವಾಗದಿದ್ದಾಗ ಪರಿಚಿತ ಪದಗಳನ್ನು ಹುಡುಕಿ ಗುರುತು ಹಾಕುವ ಅಭ್ಯಾಸವು ಆದಕಾರಣ ಹಾನಿಕರ.

ಕನ್ನಡ ಓದುಗರು ಎಡವುವ ವಾಕ್ಯಗಳು

ಕನ್ನಡದಲ್ಲಿ ಕ್ರಿಯಾಪದವೂ ನಿಷೇಧವೂ ವಾಕ್ಯದ ಕೊನೆಯಲ್ಲಿ ಬರುತ್ತವೆ. 'ಇಲ್ಲ' ಎಂಬುದು ಕಿವಿಗೆ ಬೀಳುವವರೆಗೆ ನಾವು ಕಾಯುತ್ತೇವೆ. ಇಂಗ್ಲಿಷ್‌ನಲ್ಲಿ ನಿಷೇಧವು ಮಧ್ಯದಲ್ಲಿ ಬಂದುಹೋಗುತ್ತದೆ. ಕೆಲವೊಮ್ಮೆ ಅದು ನಿಷೇಧದಂತೆ ಕಾಣುವುದೂ ಇಲ್ಲ. 'ಹಾರ್ಡ್ಲಿ', 'ಸ್ಕೇರ್ಸ್ಲಿ', 'ಸೆಲ್ಡಮ್' ಪದಗಳಲ್ಲಿ 'ನಾಟ್' ಇಲ್ಲದಿದ್ದರೂ ಅರ್ಥ 'ಇಲ್ಲ'ದ ಕಡೆಗೇ ಇದೆ. 'ಹಾರ್ಡ್ಲಿ ವರ್ಕ್ಡ್' ಎಂದರೆ ಕಷ್ಟಪಟ್ಟು ದುಡಿದನೆಂದಲ್ಲ, ದುಡಿಯಲೇ ಇಲ್ಲವೆನ್ನುವಷ್ಟು ಕಡಿಮೆ ದುಡಿದನೆಂದು. 'ಎ ಫ್ಯೂ' ಎಂದರೆ ಕೆಲವರು ಇದ್ದಾರೆ. ಬರಿಯ 'ಫ್ಯೂ' ಎಂದರೆ ಇಲ್ಲವೆನ್ನುವಷ್ಟು ಕಡಿಮೆ. ಒಂದಕ್ಷರದ ಈ ವ್ಯತ್ಯಾಸದಿಂದ ಲೇಖಕನ ನಿಲುವೇ ತಿರುವುಮುರುವಾಗುತ್ತದೆ.

'ಅನ್‌ಲೆಸ್' ಪದವು ವಿಶೇಷವಾಗಿ ತೊಡಕಿನದು. 'ಸಾಲ ಮಂಜೂರಾಗುತ್ತದೆ, ಅನ್‌ಲೆಸ್ ಜಮೀನು ವ್ಯಾಜ್ಯದಲ್ಲಿದೆ' ಎಂಬ ರಚನೆಯಲ್ಲಿ ಇಂಗ್ಲಿಷ್ ವಾಕ್ಯವಿದ್ದರೆ, ವ್ಯಾಜ್ಯವಿಲ್ಲದಿದ್ದಲ್ಲಿ ಸಾಲ ಮಂಜೂರಾಗುತ್ತದೆ ಎಂದು ಅರ್ಥ. ಇಂತಹ ಕಡೆ ಆ ಪದವನ್ನು 'ಇಲ್ಲದಿದ್ದರೆ' ಎಂದು ಬದಲಿಸಿ ಒಮ್ಮೆ ಓದಿಕೊಂಡರೆ ಸಾಕು. ಹಾಗೆಯೇ, ಆಗಸ್ಟ್‌ವರೆಗೆ ತೂಬು 'ನಾಟ್ ಓಪನ್ಡ್ ಅಂಟಿಲ್' ಎಂದಿದ್ದರೆ ತೂಬು ತೆರೆಯಲೇ ಇಲ್ಲವೆಂದಲ್ಲ, ಆಗಸ್ಟ್‌ನಲ್ಲಿ ತೆರೆಯಿತೆಂದು.

'ಎಲ್ಲ ಕೆರೆಗಳೂ ತುಂಬಲಿಲ್ಲ' ಎಂಬ ಕನ್ನಡ ವಾಕ್ಯವನ್ನು ನೋಡಿ. ಒಂದು ಕೆರೆಯೂ ತುಂಬಲಿಲ್ಲ ಎಂದೂ, ಕೆಲವು ಮಾತ್ರ ತುಂಬಿದವು ಎಂದೂ ಇದನ್ನು ಅರ್ಥೈಸಬಹುದು. ಮಾತಿನಲ್ಲಿ ಸಂದರ್ಭವು ಅದನ್ನು ಸ್ಪಷ್ಟಪಡಿಸುತ್ತದೆ. ಇಂಗ್ಲಿಷ್‌ನ 'ನಾಟ್ ಆಲ್' ಎಂಬುದಕ್ಕೆ ಎರಡನೆಯ ಅರ್ಥ ಮಾತ್ರ ಇದೆ; ಮೊದಲನೆಯದಕ್ಕೆ 'ನನ್' ಎಂಬ ಬೇರೆ ಪದವಿದೆ. ಮನಸ್ಸಿನಲ್ಲಿ ಕನ್ನಡಕ್ಕೆ ಅನುವಾದಿಸಿಕೊಂಡು ಓದುವವರು ಈ ಭೇದವನ್ನು ಕಳೆದುಕೊಳ್ಳುವ ಸಂಭವ ಹೆಚ್ಚು.

ಉದ್ದನೆಯ ವಾಕ್ಯಗಳಲ್ಲಿ ವಿಶೇಷಣ ವಾಕ್ಯಭಾಗದ ಸ್ಥಾನವೂ ಗೊಂದಲಕ್ಕೆ ಕಾರಣ. ನಾವು 'ರೈತರನ್ನು ಭೇಟಿಯಾದ ಅಧಿಕಾರಿ' ಎನ್ನುತ್ತೇವೆ. ಇಂಗ್ಲಿಷ್‌ನಲ್ಲಿ ಅಧಿಕಾರಿ ಮೊದಲು ಬಂದು, ಆತ ಯಾರನ್ನು ಭೇಟಿಯಾದನೆಂಬುದು 'ಹೂ' ಅಥವಾ 'ವಿಚ್' ನಂತರ ಬರುತ್ತದೆ. ಈ ಭಾಗವನ್ನು ಮೊದಲ ಓದಿನಲ್ಲಿ ಬಿಟ್ಟು, ಕರ್ತೃವನ್ನೂ ಮುಖ್ಯ ಕ್ರಿಯಾಪದವನ್ನೂ ಹಿಡಿದು, ಅನಂತರ ಹಿಂದಿರುಗಿದರೆ ನಾಲ್ಕು ಸಾಲಿನ ವಾಕ್ಯವೂ ಬಿಡಿಸಿಕೊಳ್ಳುತ್ತದೆ.

ಪ್ರಶ್ನೆಯ ಬಗೆಗಳು

ಪ್ರಶ್ನೆಯಲ್ಲಿಯೇ 'ನಾಟ್' ಅಥವಾ 'ಎಕ್ಸೆಪ್ಟ್' ಇದ್ದರೆ ಅದನ್ನು ಮರೆಯದಂತೆ ಗುರುತು ಮಾಡಿಕೊಳ್ಳಬೇಕು. ಗಣಕಯಂತ್ರ ಆಧಾರಿತ ಪರೀಕ್ಷೆಯಲ್ಲಿ ಕೊಟ್ಟಿರುವ ಹಾಳೆಯಲ್ಲಿ ಬರೆದುಕೊಳ್ಳಬಹುದು. ಲೇಖಕರ ಮುಖ್ಯ ಅಭಿಪ್ರಾಯವನ್ನು ಕೇಳಿದಾಗ ಒಂದೇ ಕಂಡಿಕೆಗೆ ಸೀಮಿತವಾದ ಆಯ್ಕೆಯನ್ನು ಬಿಡಬೇಕು. ಮೇಲಿನ ಉದಾಹರಣೆಯಲ್ಲಿ 'ಹೂಳು ಮಣ್ಣಿನ ಸತ್ವವನ್ನು ಹೆಚ್ಚಿಸುತ್ತದೆ' ಎಂಬುದು ಸತ್ಯವಾದರೂ ಮುಖ್ಯ ಅಭಿಪ್ರಾಯವಲ್ಲ. 'ಬಟ್', 'ಹೌಎವರ್' ಪದಗಳ ನಂತರ ಬರುವ ವಾಕ್ಯದಲ್ಲಿ ಲೇಖಕರ ನಿಜವಾದ ಒಲವು ಇರುವ ಸಾಧ್ಯತೆ ಹೆಚ್ಚು.

ಪದದ ಅರ್ಥ ಕೇಳುವ ಪ್ರಶ್ನೆಯಲ್ಲಿ ತಿಳಿದ ಅರ್ಥಕ್ಕೆ ಕೂಡಲೇ ಗುರುತು ಹಾಕಬಾರದು. 'ಯೀಲ್ಡ್' ಎಂದರೆ ಇಳುವರಿ ಎಂದು ಎಲ್ಲರಿಗೂ ಗೊತ್ತು. ಆದರೆ ಭಾರಿ ಮಳೆಗೆ ಕೆರೆಯ ಏರಿ 'ಯೀಲ್ಡೆಡ್' ಎಂದಿದ್ದರೆ ಅದು ಕುಸಿಯಿತು ಎಂದರ್ಥ. ಆಯ್ಕೆಯ ಪದವನ್ನು ವಾಕ್ಯದಲ್ಲಿಟ್ಟು ಓದಿ, ಅರ್ಥ ಕೂಡುತ್ತದೆಯೇ ಎಂದು ನೋಡಬೇಕು.

ಪ್ರಶ್ನೆಯನ್ನು ಮೊದಲು ಓದಬೇಕೆ, ಗದ್ಯಭಾಗವನ್ನೆ ಎಂಬುದು ಅಭ್ಯರ್ಥಿಗಳು ಪದೇ ಪದೇ ಕೇಳುವ ಸಂದೇಹ. ಬ್ಯಾಂಕ್ ಪರೀಕ್ಷೆಯ ದೀರ್ಘ ಗದ್ಯಭಾಗಕ್ಕೆ ಪ್ರಶ್ನೆಗಳನ್ನು ಮಾತ್ರ, ಆಯ್ಕೆಗಳನ್ನು ಬಿಟ್ಟು, ಮೊದಲು ಓದುವುದು ಅನುಕೂಲಕರ. ಆಯ್ಕೆಗಳಲ್ಲಿ ಹೆಚ್ಚಿನವು ಸುಳ್ಳಾಗಿರುವುದರಿಂದ ಅವನ್ನು ಮೊದಲೇ ತಲೆಗೆ ತುಂಬಿಕೊಳ್ಳುವುದು ಯೋಗ್ಯವಲ್ಲ. ನಾಗರಿಕ ಸೇವಾ ಪರೀಕ್ಷೆಯ ಚಿಕ್ಕ ಗದ್ಯಭಾಗಗಳನ್ನು ನೇರವಾಗಿ ಓದುವುದೇ ಲೇಸು.

ಋಣಾತ್ಮಕ ಅಂಕಗಳ ಲೆಕ್ಕ

ಬ್ಯಾಂಕ್ ಪರೀಕ್ಷೆಯಲ್ಲಿ ಪ್ರತಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ನಾಲ್ಕನೆಯ ಒಂದು ಭಾಗವನ್ನು ಕಳೆಯಲಾಗುತ್ತದೆ. ಸಾಮಾನ್ಯವಾಗಿ ಐದು ಆಯ್ಕೆಗಳಿರುತ್ತವೆ. ಒಂದು ಅಂಕದ 20 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಉತ್ತರಿಸಿದರೆ ಸರಾಸರಿ 4 ಸರಿಯಾಗಿ 16 ತಪ್ಪಾಗುತ್ತವೆ. ಗಳಿಸಿದ 4 ಅಂಕಗಳೂ ಕಡಿತವಾಗಿ ಉಳಿಯುವುದು ಶೂನ್ಯ. ಅದೇ 20 ಪ್ರಶ್ನೆಗಳಲ್ಲಿ ಮೂರು ತಪ್ಪು ಆಯ್ಕೆಗಳನ್ನು ಖಚಿತವಾಗಿ ತೆಗೆದುಹಾಕಿ ಉಳಿದ ಎರಡರಲ್ಲಿ ಒಂದನ್ನು ಆರಿಸಿದರೆ 10 ಸರಿ, 10 ತಪ್ಪು, ಕಡಿತ ಎರಡೂವರೆ, ಉಳಿಕೆ ಏಳೂವರೆ ಅಂಕ. ನಾಲ್ಕು ಆಯ್ಕೆಗಳ, ಮೂರನೆಯ ಒಂದು ಭಾಗ ಕಡಿತವಿರುವ ನಾಗರಿಕ ಸೇವಾ ಪತ್ರಿಕೆಯಲ್ಲಿಯೂ ಬರಿಯ ಊಹೆಯ ಫಲ ಶೂನ್ಯವೇ. ಆದ್ದರಿಂದ ಒಂದು ಆಯ್ಕೆಯನ್ನೂ ತೆಗೆದುಹಾಕಲಾಗದ ಪ್ರಶ್ನೆಯನ್ನು ಬಿಡುವುದು, ಎರಡನ್ನಾದರೂ ತೆಗೆದುಹಾಕಲು ಸಾಧ್ಯವಾದಲ್ಲಿ ಉತ್ತರಿಸುವುದು ಸೂಕ್ತ.

ವಿದೇಶದಲ್ಲಿ ವ್ಯಾಸಂಗ ಅಥವಾ ಉದ್ಯೋಗಕ್ಕಾಗಿ ಐಇಎಲ್‌ಟಿಎಸ್ ಪರೀಕ್ಷೆ ಬರೆಯುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅದರ ಓದುವಿಕೆಯ ಭಾಗದಲ್ಲಿ 60 ನಿಮಿಷಗಳಿಗೆ 40 ಪ್ರಶ್ನೆಗಳಿದ್ದು ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಯಾವುದನ್ನೂ ಖಾಲಿ ಬಿಡಬಾರದು. ಅಲ್ಲಿನ 'ನಾಟ್ ಗಿವನ್' ಎಂಬ ಆಯ್ಕೆಯು ಮೇಲೆ ವಿವರಿಸಿದ ಫ್ಲೋರೈಡ್‌ನ ಉದಾಹರಣೆಯಂತಹದೇ: ಗದ್ಯಭಾಗವು ಅಲ್ಲಗಳೆದಿದ್ದರೆ 'ಫಾಲ್ಸ್', ಏನನ್ನೂ ಹೇಳಿಲ್ಲದಿದ್ದರೆ 'ನಾಟ್ ಗಿವನ್'.

ಅಭ್ಯಾಸ

ಕೇಂದ್ರ ಲೋಕಸೇವಾ ಆಯೋಗ ಮತ್ತು ಕರ್ನಾಟಕ ಲೋಕಸೇವಾ ಆಯೋಗಗಳ ಹಿಂದಿನ ಪ್ರಶ್ನೆಪತ್ರಿಕೆಗಳು ಆಯಾ ಆಯೋಗದ ಅಂತರ್ಜಾಲ ತಾಣದಲ್ಲಿ ಉಚಿತವಾಗಿ ಲಭ್ಯವಿವೆ. ದಿನಕ್ಕೆ ಎರಡು ಗದ್ಯಭಾಗಗಳು ಸಾಕು. ಮೊದಲ ಕೆಲವು ವಾರ ಗಡಿಯಾರ ನೋಡದೆ, ಪ್ರತಿ ಆಯ್ಕೆಯ ಪಕ್ಕದಲ್ಲಿ ಅದು ಏಕೆ ಸರಿ ಅಥವಾ ಏಕೆ ತಪ್ಪು ಎಂಬುದನ್ನು ಕನ್ನಡದಲ್ಲಿಯೇ ಒಂದು ಸಾಲಿನಲ್ಲಿ ಬರೆದು, ಆಧಾರವಾದ ಇಂಗ್ಲಿಷ್ ಸಾಲಿನ ಸಂಖ್ಯೆಯನ್ನು ನಮೂದಿಸಬೇಕು. ಕಾಲಮಿತಿಯ ಅಭ್ಯಾಸವನ್ನು ಅನಂತರ ಆರಂಭಿಸಬಹುದು. ವೇಗವನ್ನೇ ಮೊದಲ ದಿನದಿಂದ ಬೆನ್ನಟ್ಟುವವರು ತಪ್ಪುಗಳನ್ನು ವೇಗವಾಗಿ ಮಾಡಲು ಕಲಿಯುತ್ತಾರೆ.

ಸೂಚನೆ: ಪ್ರಶ್ನೆಗಳ ಸಂಖ್ಯೆ, ಕಾಲಾವಕಾಶ ಹಾಗೂ ಋಣಾತ್ಮಕ ಅಂಕಗಳ ನಿಯಮಗಳು ಪರೀಕ್ಷೆಯಿಂದ ಪರೀಕ್ಷೆಗೆ ಬದಲಾಗುವುದರಿಂದ, ಅಭ್ಯರ್ಥಿಗಳು ತಾವು ಅರ್ಜಿ ಸಲ್ಲಿಸುವ ಹುದ್ದೆಯ ಅಧಿಸೂಚನೆಯನ್ನು ಪೂರ್ಣವಾಗಿ ಓದತಕ್ಕದ್ದು. ವ್ಯತ್ಯಾಸ ಕಂಡುಬಂದಲ್ಲಿ ಅಧಿಸೂಚನೆಯಲ್ಲಿರುವುದೇ ಅಂತಿಮ.