ಬೆಟ್ಟ ಹತ್ತುವಾಗ ಹಳೇ ಕಾರು ನಿಲ್ಲುವುದೇಕೆ?

ದೇವನಹಳ್ಳಿ ದಾಟಿ ನಂದಿಬೆಟ್ಟದ ತಿರುವುಗಳನ್ನು ಹತ್ತುವಾಗ ಅಂಬಾಸಿಡರ್ ಅಥವಾ ಫಿಯೆಟ್ ಕಾರು ಕೆಮ್ಮುತ್ತಾ ನಿಂತುಬಿಟ್ಟರೆ, ದೊಡ್ಡವರು ಬಾನೆಟ್ ಎತ್ತಿ ಎಂಜಿನ್ ಪಕ್ಕದ ಒಂದು ಡಬ್ಬಿಯ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಸ್ವಲ್ಪ ಹೊತ್ತಿನಲ್ಲೇ ಕಾರು ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ನಿಮ್ಮ ತಾತನನ್ನು ಕೇಳಿ ನೋಡಿ, ಅವರಿಗೆ ನೆನಪಿರಬಹುದು. ಮಕ್ಕಳೇ, ಇದು ಮಂತ್ರವಲ್ಲ. ಆ ಡಬ್ಬಿಯ ಹೆಸರು ಫ್ಯುಯಲ್ ಪಂಪ್.

ಕಾರಿನ ಗುಂಡಿಗೆ

ಪೆಟ್ರೋಲ್ ಟ್ಯಾಂಕ್ ಇರುವುದು ಹಿಂದೆ, ಎಂಜಿನ್ ಮುಂದೆ. ಪೆಟ್ರೋಲನ್ನು ಎಳೆದು ಕಾರ್ಬೊರೇಟರ್‌ಗೆ ಕಳಿಸುವುದು ಪಂಪಿನ ಕೆಲಸ. ಅದರೊಳಗೆ ಡಯಾಫ್ರಮ್ ಎಂಬ ತೆಳುವಾದ ಪದರವಿದೆ. ಎಂಜಿನ್ ತಿರುಗಿದಂತೆ ಒಂದು ಸಣ್ಣ ಸನ್ನೆ ಅದನ್ನು ಕೆಳಗೆ ಎಳೆಯುತ್ತದೆ, ಆಗ ಒಂದು ವಾಲ್ವ್ ತೆರೆದು ಪೆಟ್ರೋಲ್ ಒಳಬರುತ್ತದೆ. ಸ್ಪ್ರಿಂಗ್ ಮೇಲಕ್ಕೆ ತಳ್ಳಿದಾಗ ಇನ್ನೊಂದು ವಾಲ್ವ್‌ನಿಂದ ಹೊರಹೋಗುತ್ತದೆ. ನಮ್ಮ ಹೃದಯದ ಕವಾಟಗಳೂ ಹೀಗೆಯೇ ಒಂದೇ ದಿಕ್ಕಿಗೆ ತೆರೆಯುತ್ತವೆ.

ಒದ್ದೆ ಬಟ್ಟೆಯ ಗುಟ್ಟು

ಏರುದಾರಿಯಲ್ಲಿ ಎಂಜಿನ್‌ಗೆ ಶ್ರಮ ಹೆಚ್ಚು, ಎದುರುಗಾಳಿ ಕಡಿಮೆ. ಎಂಜಿನ್‌ಗೆ ಅಂಟಿಕೊಂಡ ಪಂಪೂ ಬಿಸಿಯಾಗಿ ಒಳಗಿನ ಪೆಟ್ರೋಲ್ ಆವಿಯಾಗುತ್ತದೆ. ಪಂಪು ದ್ರವವನ್ನು ತಳ್ಳಬಲ್ಲದು, ಆವಿ ಮಾತ್ರ ಒತ್ತಿದರೆ ಕುಗ್ಗುತ್ತದೆ, ಬಿಟ್ಟರೆ ಹಿಗ್ಗುತ್ತದೆ, ಮುಂದೆ ಹೋಗುವುದಿಲ್ಲ. ಇದೇ ವೇಪರ್ ಲಾಕ್. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಬೆಟ್ಟದ ಮೇಲೆ ಗಾಳಿಯ ಒತ್ತಡವೂ ಕಡಿಮೆ. ಹಾಗಾಗಿ ಪೆಟ್ರೋಲ್ ಇನ್ನೂ ಬೇಗ ಕುದಿಯುತ್ತದೆ. ಬಟ್ಟೆಯ ನೀರು ಆರುವಾಗ ಪಂಪಿನ ಬಿಸಿಯನ್ನು ಕೊಂಡೊಯ್ಯುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ.

ರೋಗ ಪತ್ತೆ ಹೇಗೆ?

ತಂಪಾಗಿದ್ದಾಗಲೂ ಪೆಟ್ರೋಲ್ ಬಾರದಿದ್ದರೆ ಇವನ್ನು ನೋಡಬೇಕು.

● ಟ್ಯಾಂಕ್ ಮುಚ್ಚಳದ ಗಾಳಿಕಿಂಡಿ ಕಟ್ಟಿಕೊಂಡಿರಬಹುದು. ಮುಚ್ಚಳ ತೆಗೆದಾಗ ಉಸ್ಸೆಂದು ಗಾಳಿ ಒಳನುಗ್ಗಿದರೆ ಅದೇ ಕಾರಣ.

● ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರ್ ಪೈಪ್ ಬಿರುಕು ಬಿಟ್ಟಿರಬಹುದು. ಎಳನೀರಿನ ಸ್ಟ್ರಾದಲ್ಲಿ ತೂತಿದ್ದರೆ ಬರೀ ಗಾಳಿ ಬರುತ್ತದಲ್ಲ, ಹಾಗೆ. ಹೊರಗೆ ಒಂದು ಹನಿಯೂ ಸೋರದಿರಬಹುದು!

● ಜಾಲರಿ ಅಥವಾ ಫಿಲ್ಟರ್‌ನಲ್ಲಿ ತುಕ್ಕು, ಕಸ ತುಂಬಿರಬಹುದು.

● ಡಯಾಫ್ರಮ್ ಹರಿದಿರಬಹುದು. ಆಗ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಪೆಟ್ರೋಲ್ ವಾಸನೆ ಬಂದರೆ ಕಾರು ಸ್ಟಾರ್ಟ್ ಮಾಡಲೇಬಾರದು, ಮೆಕ್ಯಾನಿಕ್ಕನ್ನು ಕರೆಸಬೇಕು.

ಹೊಸ ಪೆಟ್ರೋಲ್, ಹಳೇ ರಬ್ಬರ್

ಈಗಿನ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರನ್ನು ಉಬ್ಬಿಸಿ ಕೆಡಿಸಬಲ್ಲದು, ತೇವವನ್ನೂ ಹೀರಿಕೊಳ್ಳುತ್ತದೆ. ಆದ್ದರಿಂದ ಹಳೇ ಪಂಪಿಗೆ ಎಥನಾಲ್ ತಡೆಯುವ ಡಯಾಫ್ರಮ್, ಪೈಪ್‌ಗಳನ್ನು ಹಾಕಿಸುವುದು ಒಳ್ಳೆಯದು. ಪಂಪನ್ನೇ ಎಸೆಯಬೇಕಿಲ್ಲ. ಕಾರನ್ನು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸದೆ ಆಗಾಗ ಓಡಿಸಬೇಕು.

ಎಚ್ಚರಿಕೆ: ಬಿಸಿ ಎಂಜಿನ್ ಹತ್ತಿರ ಪೆಟ್ರೋಲ್ ಚೆಲ್ಲಿದರೆ ಬೆಂಕಿ ಹತ್ತಬಹುದು. ಬೀಡಿ, ಬೆಂಕಿಕಡ್ಡಿ ದೂರವಿರಲಿ. ಪೈಪಿಗೆ ಬಾಯಿಟ್ಟು ಪೆಟ್ರೋಲ್ ಎಳೆಯುವ ಹಳೇ ಅಭ್ಯಾಸ ಶ್ವಾಸಕೋಶಕ್ಕೆ ಅಪಾಯ, ತಾತಂದಿರೂ ಅದನ್ನು ಬಿಡಬೇಕು. ಮಕ್ಕಳು ನೋಡಿ ಕಲಿಯಲಿ, ಕೈ ಹಾಕುವುದು ಬೇಡ.

2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಕಾರಿಗೆ ‘ವಿಂಟೇಜ್’ ನೋಂದಣಿ ಸಿಗುತ್ತದೆ. ಇಂಥ ಹಳೇ ಕಾರುಗಳನ್ನು ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂನಲ್ಲೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲೂ ನೋಡಬಹುದು. ನಿಮ್ಮ ಮನೆಯ ಶೆಡ್ಡಿನಲ್ಲಿ ಒಂದಿದ್ದರೆ, ಗುಜರಿಗೆ ಹಾಕುವ ಮುನ್ನ ಅದರ ಗುಂಡಿಗೆಯನ್ನೊಮ್ಮೆ ಪರೀಕ್ಷಿಸಲು ಹೇಳಿ.