ಕುಟುಂಬದ ಕಸಾಯಿಖಾನೆಯಿಂದ ಜಾಗತಿಕ ಉದ್ಯಮಕ್ಕೆ

ಬ್ರೆಜಿಲ್‌ನ ಅನಾಪೊಲಿಸ್‌ನಲ್ಲಿ 1953ರಲ್ಲಿ ಜೋಸೆ ಬಟಿಸ್ಟಾ ಸೊಬ್ರಿನ್ಯೊ ಆರಂಭಿಸಿದ ಕಸಾಯಿಖಾನೆಯ ಸಾಮರ್ಥ್ಯ ದಿನಕ್ಕೆ ಐದು ರಾಸು ಮಾತ್ರ. ಅವರ ಹೆಸರಿನ ಮೊದಲಕ್ಷರಗಳೇ ಇಂದಿನ ‘ಜೆಬಿಎಸ್’. ಹೊಸ ರಾಜಧಾನಿ ಬ್ರೆಸಿಲಿಯಾದ ನಿರ್ಮಾಣ ಕಾರ್ಯವು ಈ ಕುಟುಂಬಕ್ಕೆ ಮೊದಲ ದೊಡ್ಡ ಮಾರುಕಟ್ಟೆಯನ್ನು ಒದಗಿಸಿತು.

2007ರಲ್ಲಿ ಷೇರುಪೇಟೆ ಪ್ರವೇಶಿಸಿದ ಸಂಸ್ಥೆಯು ಅದೇ ವರ್ಷ ಅಮೆರಿಕದ ಸ್ವಿಫ್ಟ್ ಕಂಪನಿಯನ್ನೂ, 2009ರಲ್ಲಿ ಕೋಳಿಮಾಂಸದ ಪಿಲ್‌ಗ್ರಿಮ್ಸ್ ಪ್ರೈಡ್‌ನ ಬಹುಪಾಲು ಷೇರುಗಳನ್ನೂ ಖರೀದಿಸಿತು. ಬ್ರೆಜಿಲ್‌ನ ಸರ್ಕಾರಿ ಅಭಿವೃದ್ಧಿ ಬ್ಯಾಂಕಿನ ಬಂಡವಾಳವು ಈ ವಿಸ್ತರಣೆಗೆ ನೆರವಾಯಿತು. ಘಟಕಗಳು ಹಲವು ದೇಶಗಳಲ್ಲಿರುವುದರಿಂದ ಒಂದೆಡೆ ಜಾನುವಾರು ರೋಗ ಅಥವಾ ಆಮದು ನಿಷೇಧ ಎದುರಾದರೆ ಮತ್ತೊಂದೆಡೆಯಿಂದ ಪೂರೈಕೆ ಸಾಧ್ಯ.

ಆದರೆ 2017ರಲ್ಲಿ ಲಂಚ ಪ್ರಕರಣ ಬಯಲಾಗಿ, ಮಾತೃಸಂಸ್ಥೆಯು 1,030 ಕೋಟಿ ರಿಯಲ್ ದಂಡಕ್ಕೆ ಒಪ್ಪಬೇಕಾಯಿತು. 2025ರ ಜೂನ್‌ನಲ್ಲಿ ಜೆಬಿಎಸ್ ಷೇರುಗಳ ವಹಿವಾಟು ನ್ಯೂಯಾರ್ಕ್‌ನಲ್ಲಿ ಆರಂಭವಾಯಿತು. ವ್ಯಾಪಾರವನ್ನು ಬಂಡವಾಳ ಬೆಳೆಸಬಲ್ಲದು. ಅದನ್ನು ಉಳಿಸುವುದು ವಿಶ್ವಾಸಾರ್ಹತೆ ಎಂಬುದನ್ನು ಉದ್ಯಮಿಗಳು ಗಮನಿಸಬೇಕು.