ಹೋದ ಊರನ್ನು ತಿಳಿಯುವ ಹಂಬಲ

ಬೆಂಗಳೂರಿನ ಎನ್.ಆರ್. ಕಾಲೋನಿಯ ಯಾವ ಅಡ್ಡರಸ್ತೆಗೆ ಹೋದರೂ ಮಗನೋ ಮಗಳೋ ಹೊರದೇಶದಲ್ಲಿರುವ ಮನೆ ಸಿಗುತ್ತದೆ. ಕೂಗಳತೆಯಲ್ಲಿ 1946ರಲ್ಲಿ ಶುರುವಾದ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜಿದೆ. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನು ಬದಲಿಸಿ, ಹುಟ್ಟಿದ ದೇಶ ನೋಡಿ ಅಳೆಯುತ್ತಿದ್ದ ಹಳೆಯ ಕೋಟಾ ಪದ್ಧತಿಯನ್ನು ಕೈಬಿಟ್ಟ ಮೇಲೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಎಂಜಿನಿಯರುಗಳಿಗೂ ಡಾಕ್ಟರುಗಳಿಗೂ ಆ ದಾರಿ ಸಲೀಸಾಯಿತು. ‘ಮಗ ಅಲ್ಲೇ ಸೆಟ್ಲ್ ಆದನಾ?’ ಎಂದು ಈ ಮನೆಗಳಲ್ಲಿ ಕೇಳಿದರೆ ಕೆಲಸ, ಗ್ರೀನ್ ಕಾರ್ಡ್, ಸ್ವಂತ ಮನೆ, ಮಕ್ಕಳ ಸ್ಕೂಲಿನ ವಿಷಯ ಬರುತ್ತದೆ. ಊರು ನೋಡುವುದು ಬೇರೆಯೇ ಖಾತೆ, ರಜಾ ಸಿಕ್ಕಾಗ ನಯಾಗರಾಕ್ಕೆ ಹೋಗಿ ಫೋಟೋ ಕಳಿಸಿದರೆ ಅದು ಮುಗಿಯಿತು. ಹೀಗೆ ನೆಲೆ ನಿಲ್ಲುವುದನ್ನೂ ಹೊಸದನ್ನು ಹುಡುಕುವುದನ್ನೂ ಬೇರೆಬೇರೆಯಾಗಿ ಎಣಿಸುವುದೇ ತಪ್ಪು ಎಂದು ನನಗನ್ನಿಸುತ್ತದೆ. ಕಾಗದಪತ್ರ ಒಬ್ಬನನ್ನು ಒಂದು ದೇಶದಲ್ಲಿ ಇರಿಸಬಲ್ಲದು. ಆ ಊರಿನವನನ್ನಾಗಿ ಮಾಡುವುದು ಮಾತ್ರ ಅದನ್ನು ತಿಳಿಯಬೇಕೆಂಬ ಅವನ ಹಂಬಲ.

ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಾಗಿಲ್ಲ. ಹೊರದೇಶದ ಕನ್ನಡಿಗರು ತವರೆಂದು ನೆನೆಯುವ ಈ ಬೀದಿಗಳೇ ವಲಸೆ ಬಂದವರು ಕಟ್ಟಿದವು. 1898ರ ಪ್ಲೇಗಿನ ಬೆನ್ನಲ್ಲೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಆಮೇಲೆ ಹಬ್ಬಿದ ಸುತ್ತಲಿನ ಬಡಾವಣೆಗಳಿಗೆ ಕೋಲಾರ, ತುಮಕೂರು, ಹಾಸನ, ಮೈಸೂರು ಕಡೆಯಿಂದ ಜನ ಬಂದು ಸೇರಿದರು. ಗವಿಪುರದಲ್ಲಿ ನೆಲೆಸಿದ ಕನ್ನಡದ ಕಥೆಗಾರ ಮಾಸ್ತಿಯವರು ಕೋಲಾರ ಜಿಲ್ಲೆಯವರು, ಮನೆಮಾತು ತಮಿಳು. ಮುಳಬಾಗಿಲಿನಿಂದ ಬಂದ ಸಾಹಿತಿ ಡಿ.ವಿ.ಜಿ. ಈ ಊರಿನ ವಿದ್ವಾಂಸರು, ಸಂಗೀತಗಾರರು, ಅಧಿಕಾರಿಗಳು, ಸಾಮಾನ್ಯರು ಎಲ್ಲರನ್ನೂ ಎಷ್ಟು ಹತ್ತಿರದಿಂದ ಕಂಡಿದ್ದರು ಎಂಬುದಕ್ಕೆ ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳೇ ಇವೆ. ಅವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇವತ್ತಿಗೂ ಎನ್.ಆರ್. ಕಾಲೋನಿಯ ಬುಲ್ ಟೆಂಪಲ್ ರಸ್ತೆಯಲ್ಲಿದೆ. ಬಂದ ಊರನ್ನು ಬಾಡಿಗೆ ಮನೆಯಂತೆ ಕಂಡವರು ಇಂಥ ಸಂಸ್ಥೆಗಳನ್ನು ಕಟ್ಟುವುದಿಲ್ಲ.

ಡಿ.ವಿ.ಜಿ.ಯವರ ಮಗ ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರದ ಹೆಚ್ಚಿನ ಸಂಶೋಧನೆಗೆ ಹಾರ್ವರ್ಡಿಗೆ ಹೋಗಿ ಇರ್ವಿಂಗ್ ಬೈಲಿಯವರ ಜೊತೆ ದುಡಿದರು. ಹೂಬಿಡುವ ಗಿಡಗಳ ಕಾಂಡದಲ್ಲಿ ಸಾಮಾನ್ಯವಾಗಿ ನೀರು ಸಾಗಿಸುವ ನಾಳಗಳಿರುತ್ತವೆ. ಸಾರ್ಕಾಂಡ್ರ ಎಂಬ ಗಿಡದ ಕಾಂಡದಲ್ಲಿ ಅವು ಇಲ್ಲವೆಂದು ಗುರುಶಿಷ್ಯರು 1950ರಲ್ಲಿ ಪ್ರಕಟಿಸಿದರು. ಮುಂದೆ ಸ್ವಾಮಿ ಅದೇ ಕುಲದ, ದಕ್ಷಿಣ ಭಾರತದ ಕಾಡಿನ ಒಂದು ಪ್ರಭೇದಕ್ಕೆ ಗುರುವಿನ ಹೆಸರನ್ನೇ ಇಟ್ಟರು: ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ. ನಮ್ಮ ಘಟ್ಟದ ಗಿಡವೊಂದಕ್ಕೆ ಅಮೆರಿಕದ ಮೇಷ್ಟರ ಹೆಸರು ಬಂತು. ಸ್ವಾಮಿ ‘ಅಮೆರಿಕದಲ್ಲಿ ನಾನು’ ಬರೆದರು, ಮುಂದೆ ಮದರಾಸಿಗೆ ಹೋದಾಗ ಅಲ್ಲಿಯ ಇತಿಹಾಸಕ್ಕೂ ಕೈಹಾಕಿದರು.

ಆದರೆ ಸ್ವಾಮಿ ತಿರುಗಿ ಬಂದವರು. ಅಲ್ಲೇ ಉಳಿದವರ ಮಾತೇನು ಎಂದು ಯಾರಾದರೂ ಕೇಳಬಹುದು. ಅಲ್ಲೇ ಉಳಿದವರು ಕವಿ ಎ.ಕೆ. ರಾಮಾನುಜನ್. ಮೈಸೂರಿನಲ್ಲಿ ಹುಟ್ಟಿ, 1959ರಲ್ಲಿ ಅಮೆರಿಕಕ್ಕೆ ಹೋಗಿ, ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾಗಿ 1993ರಲ್ಲಿ ಆ ಊರಿನಲ್ಲೇ ತೀರಿಕೊಂಡರು. 1962ರಲ್ಲಿ, ಷಿಕಾಗೊ ಇನ್ನೂ ಹೊಸದಾಗಿದ್ದ ಕಾಲದ ಒಂದು ಶನಿವಾರ, ಅವರು ವಿಶ್ವವಿದ್ಯಾಲಯದ ಹಾರ್ಪರ್ ಲೈಬ್ರರಿಯ ನೆಲಮಾಳಿಗೆಗೆ ಇಳಿದು ಹಳಗಾಲದ ತಮಿಳಿನ ವ್ಯಾಕರಣವೊಂದನ್ನು ಹುಡುಕುತ್ತಿದ್ದರು. ತಮಿಳು ಮನೆಮಾತಾದರೂ ಆ ಪ್ರಾಚೀನ ತಮಿಳನ್ನು ಅವರು ಕಲಿತಿರಲಿಲ್ಲ. ಆ ಕಪಾಟುಗಳ ನಡುವೆ ಸಿಕ್ಕಿದ್ದು ತಮಿಳು ವಿದ್ವಾಂಸ ಸ್ವಾಮಿನಾಥ ಅಯ್ಯರ್ 1937ರಲ್ಲಿ ಸಂಪಾದಿಸಿದ, ಪ್ರಾಚೀನ ತಮಿಳು ಕವಿತೆಗಳ ‘ಕುರುಂತೊಗೈ’. ಆ ಒಂದು ಸಂಕಲನ ಅವರ 1967ರ ಇಂಗ್ಲಿಷ್ ಅನುವಾದ ಗ್ರಂಥಕ್ಕೆ ದಾರಿಯಾಯಿತು. 1973ರಲ್ಲಿ ಅವರೇ ಮಾಡಿದ ನಮ್ಮ ವಚನಗಳ ಇಂಗ್ಲಿಷ್ ಅನುವಾದ ಬಂತು. ಕನ್ನಡ ಕವಿತೆಯನ್ನೂ ಅವರು ಬಿಡಲಿಲ್ಲ, ‘ಹೊಕ್ಕುಳಲ್ಲಿ ಹೂವಿಲ್ಲ’ 1969ರದು. ಹೊಸ ಊರಿನ ಮೂಲೆಗಳನ್ನು ತಡಕುವವನು ತನ್ನದನ್ನು ಕಳೆದುಕೊಳ್ಳುತ್ತಾನೆ ಎಂಬ ಹೆದರಿಕೆಗೆ ಇದಕ್ಕಿಂತ ಗಟ್ಟಿಯಾದ ಉತ್ತರ ನನಗೆ ಗೊತ್ತಿಲ್ಲ. ಮೈಸೂರಿನಲ್ಲಿ ಸಿಗದೇ ಹೋದದ್ದು ಷಿಕಾಗೊದಲ್ಲಿ ಸಿಕ್ಕಿತು, ಹುಡುಕಿದ್ದರಿಂದ ಸಿಕ್ಕಿತು.

ಇವರೆಲ್ಲ ವಿದ್ವಾಂಸರು, ಹುಡುಕುವುದೇ ಅವರ ಕೆಲಸ, ಎಚ್-1ಬಿ ವೀಸಾದ ಮೇಲಿರುವ ಸಾಫ್ಟ್‌ವೇರ್ ಹುಡುಗಿಗೆ ಇದೆಲ್ಲ ಎಲ್ಲಿ ಬರಬೇಕು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆ ವೀಸಾ ಮೊದಲು ಮೂರು ವರ್ಷಕ್ಕೆ, ಸಾಮಾನ್ಯವಾಗಿ ಒಟ್ಟು ಆರು ವರ್ಷಕ್ಕೆ. ಕೆಲಸ ಹೋದರೆ ಬೇರೆ ದಾರಿ ನೋಡಿಕೊಳ್ಳಲು ಹೆಚ್ಚೆಂದರೆ 60 ದಿನ. ಉದ್ಯೋಗದ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದವರಿಗೆ ಸುಮಾರು ಶೇಕಡಾ 7ರ ಮಿತಿ ಇರುವುದರಿಂದ ಭಾರತೀಯರ ಸರದಿ ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತದೆ. ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ದೇಶ ಬಿಟ್ಟು ಹೊರಡಲೂ ಭಯ. ಈ ಆತಂಕದಲ್ಲಿರುವವರಿಗೆ ‘ಊರು ಸುತ್ತು’ ಎಂದು ಉಪದೇಶ ಮಾಡುವುದು ಕ್ರೂರ. ಆದರೆ ನಾನು ಹೇಳುತ್ತಿರುವ ಹುಡುಕಾಟಕ್ಕೆ ವಿಮಾನದ ಟಿಕೆಟ್ ಬೇಕಿಲ್ಲ. ಅಮೆರಿಕದ ಬಹುಪಾಲು ಊರುಗಳಲ್ಲಿ ವಿಳಾಸದ ದಾಖಲೆ ತೋರಿಸಿದರೆ ಸಾರ್ವಜನಿಕ ಲೈಬ್ರರಿಯ ಕಾರ್ಡನ್ನು ದುಡ್ಡಿಲ್ಲದೆ ಕೊಡುತ್ತಾರೆ. ಎಷ್ಟೋ ಕಡೆ ಅಲ್ಲೇ ಮಕ್ಕಳಿಗೆ ಕಥೆಯ ಹೊತ್ತು, ಹೊಸಬರಿಗೆ ಇಂಗ್ಲಿಷ್ ಮಾತಿನ ಕೂಟ ನಡೆಯುತ್ತವೆ. ಜರ್ಮನಿಯಲ್ಲಿ 2023ರ ಮೇ ತಿಂಗಳಲ್ಲಿ 49 ಯೂರೋಗೆ ಆರಂಭವಾದ ‘ಡಾಯ್ಚ್‌ಲ್ಯಾಂಡ್ ಟಿಕೆಟ್’ಗೆ ಈಗ ಬೆಲೆ ಏರಿದೆ. ಆದರೂ ಅದೊಂದಿದ್ದರೆ ಇಡೀ ದೇಶದ ಸಿಟಿ ಬಸ್ಸು, ಟ್ರಾಮು, ಪ್ಯಾಸೆಂಜರ್ ರೈಲುಗಳಲ್ಲಿ ತಿಂಗಳಿಡೀ ಓಡಾಡಬಹುದು. ಅಲ್ಲಿ ಓದುವ ನಮ್ಮ ಹುಡುಗರು ಭಾನುವಾರ ಹೆಸರೇ ಕೇಳದ ಊರಿನಲ್ಲಿ ಇಳಿದು ಸಂಜೆಗೆ ರೂಮಿಗೆ ಮರಳಬಹುದು. ಅತಂತ್ರ ಬದುಕಿನಲ್ಲಿ ವೀಸಾ ಅಧಿಕಾರಿಯ ಕೈಯಲ್ಲಿಲ್ಲದ್ದು ಇಂಥ ಪರಿಚಯವೇ.

ಕನ್ನಡ ಕೂಟ ಇದೆಯಲ್ಲ, ಅದು ಸಾಲದೇ ಎನ್ನುವವರಿದ್ದಾರೆ. ಯುಗಾದಿ, ರಾಜ್ಯೋತ್ಸವ, ನಾಟಕ, ಬಿಸಿಬೇಳೆಬಾತು ಎಲ್ಲವೂ ಬೇಕು, ಹೋದ ಹೊಸತರಲ್ಲಂತೂ ಅದು ಜೀವ ಉಳಿಸುತ್ತದೆ. ಆದರೆ ಆ ಕೂಟದಲ್ಲಿ ಹೊಸದಾಗಿ ಬಂದವರಿಗೆ ನಿಜವಾಗಿ ನೆರವಾಗುವವರು ಯಾರು? ಯಾವ ಸ್ಕೂಲು ಒಳ್ಳೆಯದು, ಡ್ರೈವಿಂಗ್ ಪರೀಕ್ಷೆ ಎಲ್ಲಿ, ರಾತ್ರಿ ಮಗುವಿಗೆ ಜ್ವರ ಬಂದರೆ ಯಾವ ಕ್ಲಿನಿಕ್ ತೆರೆದಿರುತ್ತದೆ ಎಂದು ಬಲ್ಲವರು. ಅಂದರೆ ಕೂಟದ ಹೊರಗೆ ಕಾಲಿಟ್ಟು ಬಂದವರು.

ಬಾಣಂತನಕ್ಕೆಂದು ಇಲ್ಲಿಂದ ಹೋಗುವ ಅಪ್ಪ ಅಮ್ಮಂದಿರ ಪಾಡು ಇನ್ನೂ ಕಷ್ಟದ್ದು. ಸಂದರ್ಶಕ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುತ್ತಾರೆ. ಇಲ್ಲಿ ಗಾಂಧಿ ಬಜಾರಿಗೆ ನಡೆದೇ ಹೋಗಿ ಹೂವು ತರುತ್ತಿದ್ದವರು ಅಲ್ಲಿ ಕಾರಿಲ್ಲದೆ ಹಾಲೂ ತರಲಾಗದ ಬಡಾವಣೆಯಲ್ಲಿ ದಿನ ಎಣಿಸುತ್ತಾರೆ. ವಯಸ್ಸಾದ ಮೇಲೆ ಕುತೂಹಲ ಎಲ್ಲಿಂದ ಬರಬೇಕು ಎನ್ನುವವರಿಗೆ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಇದ್ದಾರೆ. 1904ರಲ್ಲಿ ಹುಟ್ಟಿದ ಅವರು ಎಪ್ಪತ್ತು ದಾಟಿದ ಮೇಲೆ ಅಮೆರಿಕವನ್ನು ಕಂಡು ‘ಅಮೆರಿಕಾದಲ್ಲಿ ಗೊರೂರು’ ಬರೆದರು. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎಲ್ಲರೂ ಪುಸ್ತಕ ಬರೆಯಬೇಕಾಗಿಲ್ಲ. ಅಪ್ಪ ಅಮ್ಮ ಬಂದಿಳಿದ ವಾರವೇ ಮಕ್ಕಳು ಅವರನ್ನು ಒಮ್ಮೆ ಲೈಬ್ರರಿಗೆ, ಒಮ್ಮೆ ನಡೆದು ತಲುಪಬಹುದಾದ ಪಾರ್ಕಿಗೆ ಕರೆದೊಯ್ದು, ಒಬ್ಬರೇ ಹೋಗಿ ಬರುವ ದಾರಿ ರೂಢಿ ಮಾಡಿಸಿ, ಪಕ್ಕದ ಮನೆಯವರಿಗೆ ಹೆಸರು ಹೇಳಿ ಪರಿಚಯಿಸಿದರೆ, ಆರು ತಿಂಗಳಲ್ಲಿ ಅವರಿಗೂ ಆ ಊರಿನಲ್ಲಿ ತಮ್ಮದೇ ಆದ ಒಂದು ರಸ್ತೆ ಇರುತ್ತದೆ.